ಒಂದಂಗುಲದ ಸೈಕಲ್ ಕಡ್ಡಿ

"ಬಿಚ್ಚಿ ಮೇಸ್ತ್ರಿ," ಎಂದ ಇನ್ಸ್‌ಪೆಕ್ಟರ್.

ಮೇಸ್ತ್ರಿ ಬಿಚ್ಚಲಿಲ್ಲ. ಮೇಜಿನ ಮೇಲಿದ್ದ ಕಾರ್ಬುರೇಟರನ್ನು ತಿರುಗಿಸಿ ತಿರುಗಿಸಿ ನೋಡಿದ. ಮೈಯೆಲ್ಲ ಬಿಳಿ ಹುಡಿ, ಸಂದಿಗೊಂದಿಯಲ್ಲಿ ಹಸಿರು ಕಿಲುಬು, ತುಕ್ಕು ತಿಂದ ಸ್ಕ್ರೂಗಳು. ಕೆಳಗಿನ ಬಟ್ಟಲಿನ ಎಡಬದಿಯಿಂದ ಒಂದು ಚೂರು ಹೊರಗಿಣುಕಿತ್ತು. ಕೆಸರು ಮೆತ್ತಿ ಅದು ಎಲೆಯೋ ಕಾಗದವೋ ತಿಳಿಯುವಂತಿರಲಿಲ್ಲ. ನೆತ್ತಿಯ ಮೇಲೆ ಅಪ್ಪ ಕೊರೆದಿದ್ದ ಮೂರು ಗೀರು ಮಾತ್ರ ಹಾಗೇ ಇದ್ದವು. ಅಲ್ಲ ಎನ್ನಲು ದಾರಿಯೇ ಇರಲಿಲ್ಲ.

"ನಮ್ ತಮ್ಮನ ಗಾಡೀದೇ ಸಾರ್. ಗೊತ್ತಾಯ್ತಲ್ಲ, ಇನ್ನು ಬಿಚ್ಚೋದ್ಯಾಕೆ? ಮುಟ್ಟಿದ್ರೆ ಪುಡಿಯಾಗುತ್ತೆ."

"ಗಾಡಿ ಸೇತುವೆ ಮೇಲೆ ಯಾಕೆ ನಿಂತು ಹೋಯ್ತು ಅಂತ ನಾನು ಬರೀಬೇಕಲ್ಲ. ಅಣೆಕಟ್ಟಿನ ಹೂಳಲ್ಲಿ ಸಿಕ್ಕಿದ್ದು ಬರೀ ಗಾಡಿ. ಮೂಳೆ ಇಲ್ಲ, ನಂಬರ್ ಪ್ಲೇಟೂ ಇಲ್ಲ."

"ಹೊಳೆ ಏನನ್ನ ಬಿಡುತ್ತೆ ಸಾರ್."

"ಬುದ್ಧಿವಂತ ಹೊಳೆ ಬಿಡಿ. ಬೋಲ್ಟ್ ಬಿಚ್ಚಿ ಪ್ಲೇಟ್ ತಗೊಂಡು ಹೋಗಿದೆ."

ಮೇಸ್ತ್ರಿಗೆ ನಗು ಬರಲಿಲ್ಲ. ಒಳಬಾಗಿಲಲ್ಲಿ ತಮ್ಮನ ಹೆಂಡತಿ ಟೀ ಲೋಟ ಹಿಡಿದು ನಿಂತಿದ್ದಳು. ಮುಂದೆ ಪೊಲೀಸು, ಹಿಂದೆ ಅವಳು. ಅಡಕತ್ತರಿ ಎಂದರೆ ಇದೇ. ಇಬ್ಬರಿಗೂ ಗೊತ್ತಿಲ್ಲದ್ದು ಆ ಬಟ್ಟಲಿನೊಳಗಿತ್ತು: ಒಂದಂಗುಲದ ಸೈಕಲ್ ಕಡ್ಡಿ.

ಒಂಬತ್ತು ವರ್ಷದ ಹಿಂದೆ ಅಪ್ಪನ ಗಾಡಿ ಯಾರಿಗೆ ಎಂದು ಶುರುವಾದ ಜಗಳ ಕೊರಳಪಟ್ಟಿ ಹಿಡಿಯುವವರೆಗೆ ಹೋಗಿತ್ತು. ಕೊನೆಗೆ ಗಾಡಿ ತಮ್ಮನಿಗೇ ಆಯಿತು. "ಪರವೂರಲ್ಲಿ ಎರಡು ದಿನದ ಕೆಲಸ ಇದೆ, ಎಂಜಿನ್ ಕೆಮ್ಮುತ್ತಿದೆ, ನೋಡು," ಎಂದು ಅಪ್ಪಣೆ ಕೊಟ್ಟು ಅವನು ಒಳಗೆ ದೊಡ್ಡ ಚೀಲ ತುಂಬತೊಡಗಿದ. ಕಾರ್ಬುರೇಟರಿನ ಬಟ್ಟಲಲ್ಲಿ ಪೆಟ್ರೋಲಿನ ಮೇಲೆ ತೇಲುವ ಫ್ಲೋಟಿನ ಪಿನ್ನು ಸವೆದಿತ್ತು. ಡ್ರಾಯರಿನಲ್ಲಿ ಹೊಸ ಹಿತ್ತಾಳೆ ಪಿನ್ನಿತ್ತು. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ಸೈಕಲ್ ಕಡ್ಡಿ ಕತ್ತರಿಸಿ ತುರುಕಿದ. ಫ್ಲೋಟ್ ಸಿಕ್ಕಿಕೊಳ್ಳಲಿ, ನಡುದಾರಿಯಲ್ಲಿ ಗಾಡಿ ತಳ್ಳಲಿ ನನ್ಮಗ ಎಂದು.

ಅವತ್ತು ಸಂಜೆ ತಮ್ಮ ಗಾಡಿ ಹತ್ತಿ ಹೋದಮೇಲೆ ಹೊಳೆ ಸೇತುವೆಯ ಮೇಲೆ ಹರಿಯಿತು. ಮರುದಿನ ಸೇತುವೆಯ ಕಂಬಿಗೆ ಸಿಕ್ಕಿಸಿದಂತೆ ತಮ್ಮನ ಟೋಪಿ ಇತ್ತು. ಅಷ್ಟೇ.

ಬಂದರಿನ ವರ್ಕ್‌ಶಾಪಿನಲ್ಲಿ ಸಿಕ್ಕಿದ್ದ ಕೆಲಸಕ್ಕೆ ಮೇಸ್ತ್ರಿ ಹೋಗಲಿಲ್ಲ. ಅಲ್ಲಿ ಕಾಯುತ್ತಿದ್ದವಳು ಎರಡು ವರ್ಷ ಕಾದು ಬೇರೆಯವನನ್ನು ಮದುವೆಯಾದಳು. ತಮ್ಮನ ಹೆಂಡತಿ, ಅವಳ ಮಗು, ಈ ಅಂಗಡಿ, ಹಿಂದಿನ ಎರಡು ಕೋಣೆ. ಬಿಟ್ಟು ಹೊರಡಲು ಕಾಲೆತ್ತಿದಾಗಲೆಲ್ಲ ಆ ಕಡ್ಡಿ ಚುಚ್ಚುತ್ತಿತ್ತು. ಮಗು "ದೊಡ್ಡಪ್ಪ" ಎಂದಾಗ ಇನ್ನೂ ಆಳಕ್ಕೆ ಇಳಿಯುತ್ತಿತ್ತು.

ಇನ್ಸ್‌ಪೆಕ್ಟರ್ ಎದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೇ ಕ್ಯಾಲೆಂಡರುಗಳ ಕಂತೆ ಮಗುಚಿದ. ಎಲ್ಲದರಲ್ಲೂ ತೂತು.

"ಏನ್ರೀ, ಇಲಿ ಕಾಟಾನಾ?"

"ಗ್ಯಾಸ್ಕೆಟ್ಟಿಗೆ ಕತ್ತರಿಸ್ತೀವಿ ಸಾರ್. ಪೆಟ್ರೋಲ್ ಸೋರದ ಹಾಗೆ ಸಂದಿಗೆ ಇಡೋದು. ಅಪ್ಪನ ಜಿಪುಣತನ. ಮುಂದಿನ ಸಲ ಎಳೆಯೋಕೆ ಸಿಗ್ಲಿ ಅಂತ ಒಂದು ಬಾಲ ಬಿಡ್ತಿದ್ರು. ನಂದು ಬಲಕ್ಕೆ. ತಮ್ಮ ಎಡಚ, ಅವಂದು ಎಡಕ್ಕೆ. ಬಾಲ ನೋಡಿದ್ರೆ ಯಾವ ಕಪಿ ಕೆಲಸ ಅಂತ ಗೊತ್ತಾಗುತ್ತೆ ಅಂತಿದ್ರು ಅಪ್ಪ."

"ಒಳ್ಳೇ ಅಪ್ಪ. ಈಗ ಬಿಚ್ತೀರೋ, ನಾನೇ ಬಿಚ್ಲೋ?"

ಮೇಸ್ತ್ರಿ ಸ್ಕ್ರೂಡ್ರೈವರ್ ಎತ್ತಿದ. ತುಕ್ಕು ಹಿಡಿದ ಸ್ಕ್ರೂ ಮೇಲೆ ಅದು ಎರಡು ಸಲ ಜಾರಿತು. ಆಮೇಲೆ ಅವನಿಗೆ ಸಾಕೆನಿಸಿತು. ಒಂಬತ್ತು ವರ್ಷ ಸಾಕಾಯಿತು.

"ಬಿಚ್ಚೋಕೆ ಮುಂಚೆ ನಾನೇ ಹೇಳಿಬಿಡ್ತೀನಿ ಸಾರ್. ಒಳಗೆ ಪಿನ್ನಿಲ್ಲ, ಸೈಕಲ್ ಕಡ್ಡಿ ಇದೆ. ಗಾಡಿ ನಿಲ್ಲುತ್ತೆ ಅಂತ ಗೊತ್ತಿದ್ದೇ ಹಾಕ್ದೆ. ಹೊಳೆ ಬರುತ್ತೆ ಅಂತ ಗೊತ್ತಿರ್ಲಿಲ್ಲ. ನನ್ನ ತಮ್ಮನ್ನ ನಾನೇ ಕೊಂದೆ."

ಲೋಟ ನೆಲಕ್ಕೆ ಬಿತ್ತು.

"ಭಾವ," ಎಂದಳು ತಮ್ಮನ ಹೆಂಡತಿ. ಬಾಗಿಲು ಬಿಟ್ಟು ಮುಂದೆ ಬಂದಳು. "ಭಾವ, ನಿಮ್ಮನ್ನ ದೇವ್ರು ಅಂದ್ಕೊಂಡಿದ್ದೆನಲ್ಲ. ನೀವು ಹಾಕಿದ್ದನ್ನೇ ನನ್ನ ಮಗಳಿಗೆ ಉಣ್ಣಿಸಿದೆನಲ್ಲ."

ಅವನು ತಲೆ ಎತ್ತಲಿಲ್ಲ. ನಾಚಿಕೆಯಿತ್ತು, ದುಃಖವಿತ್ತು, ಜೊತೆಗೆ, ಹೇಳಲು ಸಂಕೋಚವಾದರೂ, ಎದೆ ಹಗುರವಾಗಿತ್ತು.

"ಸ್ಟೇಷನ್ನಿಗೆ ಬರಬೇಕಾಗುತ್ತೆ," ಎಂದ ಇನ್ಸ್‌ಪೆಕ್ಟರ್. ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. "ಮೊದ್ಲು ಬಿಚ್ಚಿ. ಕಡ್ಡಿ ಬೇಕು ನಂಗೆ."

ಈಗ ಸ್ಕ್ರೂಡ್ರೈವರ್ ಜಾರಲಿಲ್ಲ. ನಾಲ್ಕು ಸ್ಕ್ರೂಗಳಲ್ಲಿ ಎರಡು ತಿರುಗಿದವು, ಎರಡು ಮುರಿದವು. ಬಟ್ಟಲು ಕಳಚಿತು. ಮೇಸ್ತ್ರಿ ಕಣ್ಣು ಕಿರಿದು ಮಾಡಿದ. ಬಟ್ಟೆಯಿಂದ ಒರೆಸಿ ಮತ್ತೆ ನೋಡಿದ.

ಕಡ್ಡಿ ಇರಲಿಲ್ಲ. ಫ್ಲೋಟಿನ ಕಿವಿಯಲ್ಲಿ ಹಿತ್ತಾಳೆಯ ಪಿನ್ನು ನೆಟ್ಟಗೆ ಕೂತಿತ್ತು.

"ಎಲ್ರೀ ಕಡ್ಡಿ?"

ಮೇಸ್ತ್ರಿ ಬಟ್ಟಲನ್ನು ಬೆಳಕಿಗೆ ಹಿಡಿದ. ಎಡಬದಿಯಲ್ಲಿ ಇಣುಕಿದ್ದ ಚೂರನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಗ್ಯಾಸ್ಕೆಟ್ಟು ಇಡಿಯಾಗಿ ಬಂತು. ಗ್ರೀಸು ಮೆತ್ತಿದ್ದರಿಂದ ಕಾಗದ ಕೊಳೆತಿರಲಿಲ್ಲ. ಬಾಲ ಎಡಕ್ಕಿತ್ತು.

ಅದನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜಿದ. ಬಾಲದ ಮೇಲೆ ಇಸವಿಯ ಕೆಂಪು ಅಂಕಿಗಳು ಒಂದೊಂದಾಗಿ ಎದ್ದುಬಂದವು. ಓದಿದವನು ಅದನ್ನು ತಮ್ಮನ ಹೆಂಡತಿಯ ಕೈಗಿಟ್ಟ. ಅವಳು ಓದಿ, ಅಲ್ಲೇ, ಒಡೆದ ಗಾಜಿನ ಪಕ್ಕದಲ್ಲೇ ಕುಸಿದು ಕೂತಳು.

ಒಂಬತ್ತು ವರ್ಷದ ಹಿಂದೆ ಹೊಳೆಯ ಪಾಲಾದ ತಮ್ಮ ಕತ್ತರಿಸಿದ್ದು, ಐದು ವರ್ಷದ ಹಿಂದಿನ ಕ್ಯಾಲೆಂಡರನ್ನು.