ಅಪ್ಪ ಅತ್ತ ಪುಟ

ಮೈಕಿನ ಮುಂದೆ ನಿಂತು ತನ್ನದೇ ಕಥೆ ಓದುತ್ತಿದ್ದ ನಾಗೇಶನ ನಾಲಿಗೆ ಎರಡನೆಯ ಪುಟದಲ್ಲಿ ಕಟ್ಟಿಕೊಂಡಿತು. ಅಲ್ಲಿ ಅವನು ಬರೆಯದ ಸಾಲುಗಳಿದ್ದವು. ‘ಮಾದಯ್ಯ ಹೋಟೆಲಿನ ಹೊರಗೆ, ಚರಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತನ್ನ ಕೇರಿಯವರಿಗೆಂದೇ ಬೇರೆ ಇಟ್ಟಿದ್ದ ಲೋಟದಲ್ಲಿ ಟೀ ಕುಡಿದ. ಅವನ ಕಣ್ಣೀರು ಹನಿಹನಿಯಾಗಿ ಟೀಯೊಳಗೆ ಬಿತ್ತು.’ ಮುಂದಿನ ಸಾಲಿನಲ್ಲೂ ಕಣ್ಣೀರು. ಅದರ ಮುಂದಿನದರಲ್ಲಿ ಬಿಕ್ಕಳಿಕೆ.

ಮಂಡ್ಯದ ಆ ಸಭಾಂಗಣದ ಮೊದಲ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ನಾಗೇಶನ ಅಪ್ಪ ಚಿಕ್ಕಮಾದಯ್ಯ ಕೂತಿದ್ದ. ಕಥೆಯ ಮಾದಯ್ಯನೂ ಅವನೇ. ಓದು ಬರಹ ಬಾರದು. ಮಗ ತನ್ನ ಮೇಲೆ ಕಥೆ ಬರೆದಿದ್ದಾನೆ, ಅದು ಜಿಲ್ಲೆಯ ಹೊಸ ಕಥೆಗಾರರ ಪುಸ್ತಕದಲ್ಲಿ ಬಂದಿದೆ ಎಂದು ಬೆಳಕವಾಡಿಯಿಂದ ಮೊದಲ ಬಸ್ಸು ಹಿಡಿದು ಬಂದಿದ್ದ. ದಾರಿಯುದ್ದಕ್ಕೂ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡೇ ಬಂದಿದ್ದ.

ನಮ್ಮ ಪುಸ್ತಕ ಬಿಡುಗಡೆಗಳಲ್ಲಿ ಒಂದು ಪದ್ಧತಿಯಿದೆ. ಮುಖ್ಯ ಅತಿಥಿಗಳು ಬಣ್ಣದ ಕಾಗದ ಬಿಚ್ಚಿ, ಪುಸ್ತಕವನ್ನು ಎದೆಗೆ ಹಿಡಿದು ಫೋಟೋ ತೆಗೆಸಿಕೊಳ್ಳುವವರೆಗೆ ಅದು ಬರೆದವನ ಕೈಗೆ ಸಿಗುವುದಿಲ್ಲ. ಆಮೇಲೆ ಒಬ್ಬೊಬ್ಬ ಕಥೆಗಾರನೂ ಎರಡೆರಡು ಪುಟ ಓದಬೇಕು. ಹಾಗಾಗಿ ನಾಗೇಶ ಪುಸ್ತಕ ತೆರೆದದ್ದೇ ಮೈಕಿನ ಮುಂದೆ. ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ತೋರಿಸಿ ಎಂದು, ಮಳವಳ್ಳಿ ಬಸ್ ಡಿಪೋದಲ್ಲಿ ಸ್ಪ್ಯಾನರ್ ಹಿಡಿದ ಕೈಯಲ್ಲೇ ಮೂರು ಸಲ ಫೋನ್ ಮಾಡಿದ್ದ. “ನಾನಿದ್ದೀನಲ್ಲ, ಬಿಡಿ” ಎಂದಿದ್ದ ಸಂಪಾದಕ ರಘುನಂದನ್. ಕುರಿ ಕಾಯೋಕೆ ತೋಳನನ್ನು ಬಿಟ್ಟ ಹಾಗಾಯಿತು.

ನಾಗೇಶ ಬರೆದದ್ದೇ ಬೇರೆ. ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದ. ಇಪ್ಪತ್ತು ವರ್ಷದ ಮಾದಯ್ಯ ಆ ಬೇರೆ ಲೋಟವನ್ನು ಟೀ ಸಮೇತ ರಸ್ತೆಗೆ ಎಸೆದು, ಒಳಗೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟ. ನಾಲ್ಕು ಜನ ಸೇರಿ ಎಳೆದರೂ ಏಳಲಿಲ್ಲ. ಅಂಗಿ ಹರಿಯಿತು, ತುಟಿ ಒಡೆಯಿತು. ಬೆಳಗಿನ ಬಸ್ಸಿಗೆ ಬಂದವನು ಸಂಜೆ ಬಸ್ಸಿನ ಹೊತ್ತಿಗೆ, ಎಲ್ಲರೂ ಕುಡಿಯುವ ಲೋಟದಲ್ಲೇ ಟೀ ಕುಡಿದು, ಚಿಲ್ಲರೆಯನ್ನು ಮೇಜಿನ ಮೇಲೆ ಕುಕ್ಕಿ ಎದ್ದುಬಂದ. ಆ ಟೀಗೆ ಸಕ್ಕರೆ ಕಮ್ಮಿಯಿತ್ತು ಎಂದು ಅವನು ಇವತ್ತಿಗೂ ಬೈಯುತ್ತಾನೆ.

ಇದರಲ್ಲಿ ಒಂದು ಸಾಲೂ ಪುಸ್ತಕದಲ್ಲಿರಲಿಲ್ಲ.

“ಓದಿ ನಾಗೇಶ್, ಟೈಮಾಗ್ತಿದೆ,” ರಘುನಂದನ್ ವೇದಿಕೆಯ ಕುರ್ಚಿಯಿಂದಲೇ ಪಿಸುಗುಟ್ಟಿದ.

“ಸಾರ್, ಇದನ್ನ ಯಾರು ಬರೆದ್ರು?”

“ಸ್ವಲ್ಪ ತಿದ್ದಿದ್ದೀನಿ, ಅಷ್ಟೆ. ನೀವು ಬರೆದಿದ್ದರಲ್ಲಿ ಬರೀ ಸಿಟ್ಟಿತ್ತು. ಸಿಟ್ಟು ಘೋಷಣೆ ಆಗುತ್ತೆ, ಕಥೆ ಆಗಲ್ಲ. ಈಗ ನೋಡಿ, ಓದಿದವರ ಕರುಳು ಚುರುಕ್ ಅನ್ನುತ್ತೆ. ನಾನೇ ಅತ್ತುಬಿಟ್ಟೆ.”

ತಾನೇ ಬರೆದು ತಾನೇ ಅತ್ತನಂತೆ! ನಾಗೇಶನಿಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕವನ್ನು ಆ ಮುಖಕ್ಕೆ ಬಡಿಯಬೇಕೆನಿಸಿತು. ಆದರೆ ಎದುರಿಗೆ ಅಪ್ಪ ಇದ್ದ. ಮುಂದಕ್ಕೆ ಓದಿದರೆ, ನಲವತ್ತೈದು ವರ್ಷ ಅವನು ಎದೆಯುಬ್ಬಿಸಿ ಹೇಳಿಕೊಂಡು ಬಂದದ್ದನ್ನು ಮಗನೇ ಇಷ್ಟು ಜನರೆದುರು ಸುಳ್ಳು ಮಾಡಿದಂತೆ. ಓದದೆ ಇಳಿದುಹೋದರೂ ಐನೂರು ಪ್ರತಿಗಳಲ್ಲಿ ಅಪ್ಪ ಚರಂಡಿ ಪಕ್ಕ ಅಳುತ್ತಲೇ ಇರುತ್ತಾನೆ.

ನಾಗೇಶ ಮೈಕಿಗೆ ತಿರುಗಿ ಆ ಪ್ಯಾರಾವನ್ನು ಒಂದಕ್ಷರ ಬಿಡದೆ ಓದಿದ. ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ ಪಾಪ’ ಎಂದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅದು ನಿಲ್ಲುವವರೆಗೆ ಕಾದು, ಪುಸ್ತಕ ಮುಚ್ಚಿ, ಅಪ್ಪನನ್ನೇ ನೋಡುತ್ತ ಹೇಳಿದ: “ಇದ ನಾನ್ ಬರೀನಿಲ್ಲ ಕಣಪ್ಪ. ಈ ರಘುನಂದನ್ ಸಾರ್ ಬರ್ದು ಸೇರ್ಸವ್ರೆ.”

ಚಿಕ್ಕಮಾದಯ್ಯ ಆಗಲೇ ಎದ್ದು ನಿಂತಿದ್ದ. “ಯಾವಾನ್ಲಾ ಅಳ್ತಿದ್ದೋನು? ನಾನಾ?”

“ಕೂತ್ಕೊಳ್ಳಿ ಯಜಮಾನ್ರೆ,” ರಘುನಂದನ್ ಕೈಮುಗಿದು ನಕ್ಕ. “ಇದು ಕಥೆ. ನಡೆದದ್ದೇ ಇರಬೇಕು ಅಂತೇನಿಲ್ಲ.”

“ಕತೆ ಅಂತ ನಂಗೂ ಗೊತ್ತು ಬುಡಿ ಸ್ವಾಮಿ. ಏಟ್ ತಿಂದೋನು ನಾನು. ತುಟಿ ಒಡ್ದೋಗಿದ್ದು ನಂದು. ನಡುವೆ ಈ ಕಣ್ಣೀರ ಎಲ್ಲಿಂದ ತಂದ್ರಿ?”

ರಘುನಂದನ್‌ನ ನಗು ಅರ್ಧಕ್ಕೆ ನಿಂತಿತು. ಆದರೂ ಪಾಠ ಹೇಳುವ ಚಾಳಿ ಬಿಡಲಿಲ್ಲ. ದಡ್ಡ ಹುಡುಗನಿಗೆ ಲೆಕ್ಕ ಹೇಳಿಕೊಡುವವನಂತೆ ದನಿ ತಗ್ಗಿಸಿದ. “ಓದೋರಿಗೆ ನಿಮ್ಮ ಮೇಲೆ ಮರುಕ ಹುಟ್ಟಲಿ ಅಂತ, ಯಜಮಾನ್ರೆ. ನಿಮ್ಮ ಒಳ್ಳೇದಕ್ಕೇ. ಯಾರಾದ್ರೂ ಒಬ್ಬರು ಅಳದೇ ಇದ್ರೆ ಕಥೆ ಜನಕ್ಕೆ ಮುಟ್ಟೋದಿಲ್ಲ.”

ಚಿಕ್ಕಮಾದಯ್ಯ ವೇದಿಕೆಯ ಅಂಚಿಗೆ ಬಂದು, ತಲೆಯೆತ್ತಿ, ರಘುನಂದನ್‌ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ.

“ಯಾರಾರ ಅಳ್ಲೇಬೇಕು ಅನ್ನೋದಾದ್ರೆ, ಲೋಟ ಬ್ಯಾರೆ ಮಡ್ಗಿದ್ನಲ್ಲ, ಅವ್ನು ಅತ್ತ ಅಂತ ಬರೀರಿ. ನಾನ್ ಯಾಕ್ ಅಳ್ಲಿ?”