ಜಯತೀರ್ಥರ ಶಿಫಾರಸು

ತನ್ನ ಯೂನಿಫಾರ್ಮ್ ಹೊಲಿಗೆ ಘಟಕಕ್ಕೆ ಗಿರಾಕಿ ಸಿಗಲೆಂದು ಸುಮಿತ್ರಾ ಲಿಂಕ್ಡ್‌ಇನ್‌ನಲ್ಲಿ ಜಯತೀರ್ಥ ಎಂಬ ಮ್ಯಾನೇಜರನನ್ನು ತಾನೇ ಹುಟ್ಟಿಸಿ, ಅವನಿಂದ ತನ್ನ ಕೆಲಸವನ್ನು ಬಾಯಿತುಂಬ ಹೊಗಳಿಸಿಕೊಂಡಿದ್ದಳು. ಫೋಟೋ ಮಾತ್ರ ಹಳೇ ಶರ್ಟ್ ಡಬ್ಬಿಯ ಮೇಲಿದ್ದ ಮೀಸೆಯವನದು.

ಅದನ್ನು ಓದಿಯೇ ಬಂದ ವ್ಯಾಪಾರಿ ಈಗ ಎದುರು ಕೂತಿದ್ದ. ಮೇಜಿನ ಮೇಲೆ ಅವನು ತಂದ ಕರಾರುಪತ್ರ. ಸಹಿ ಬಿದ್ದರೆ ಆರು ತಿಂಗಳು ಅವಳ ಇಪ್ಪತ್ತು ಮಷೀನೂ ಅವನ ಕೆಲಸಕ್ಕೇ.

"ಈ ಜಯತೀರ್ಥ ಇದಾರಲ್ಲ ಮೇಡಂ..." ಎಂದು ಮೊಬೈಲನ್ನು ಅವಳತ್ತ ತಿರುಗಿಸಿದ.

ಅವಳು ಆ ಮೀಸೆಯ ಫೋಟೋ ನೋಡಿದಳು. "ಅವರಿಗೇನು ಸರ್?"

"ನಿನ್ನೆ ಅವರ ಮನೆಗೇ ಹೋಗಿ ವಿಚಾರಿಸಿದೆ."

ಸಹಿಗೆಂದು ತೆರೆದ ಪೆನ್ನು ಅವಳ ಕೈಯಲ್ಲೇ ಉಳಿಯಿತು.

"ಕಣ್ಣುಮುಚ್ಚಿ ಆರ್ಡರ್ ಕೊಡು ಅಂದ. ನಾವಿಬ್ಬರೂ ಒಂದೇ ಬೆಂಚಲ್ಲಿ ಕೂತು ಓದಿದವರು, ನನ್ನ ಹತ್ತಿರ ಸುಳ್ಳು ಹೇಳಲ್ಲ."

ಸುಮಿತ್ರಾ ಪೆನ್ನಿಗೆ ಮುಚ್ಚಳ ಹಾಕಿದಳು.