ಹಿಸ್ಟೀರಿಯಾ ಎಂಬ ಹೊಸ ಶಬ್ದ

ಜಜ್ಜಿದ ಉಳ್ಳಾಗಡ್ಡಿಯ ಘಾಟು ಮೂಗಿಗೆ ಬಡಿದರೆ ಇಂದಿಗೂ ನನಗೆ ಧಾರವಾಡದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನಾನು ಎಂಟು ವರ್ಷದ ಹುಡುಗಿ. ಅಪ್ಪನ ತಂಗಿ, ನಮ್ಮ ಅತ್ಯಾ, ಗಂಡನ ಮನೆಯಿಂದ ಓಡಿಬಂದು ನಾಲ್ಕು ದಿನವಾಗಿತ್ತು. ಅವಳನ್ನು ಕರೆದೊಯ್ಯಲು ಹುಬ್ಬಳ್ಳಿಯಿಂದ ಬಂದ ಗಂಡ, ಟಾಂಗಾವನ್ನು ಬಾಗಿಲಲ್ಲೇ ನಿಲ್ಲಿಸಿದ್ದ.

“ನಾ ಹೋಗೂದಿಲ್ಲ,” ಎಂದಳು ಅತ್ಯಾ. “ಕಾದ ಸೌಟಿನಿಂದ ಸುಟ್ಟಾನ. ನನ್ನ ಬೆನ್ನರೆ ನೋಡ್ರಿ.”

ಅಪ್ಪನ ತಮ್ಮ, ವಕೀಲರಾಗಿದ್ದ ಕಾಕಾ, ನೋಡಲಿಲ್ಲ. “ಇದಕ್ಕ ಹಿಸ್ಟೀರಿಯಾ ಅಂತಾರ. ಮೊನ್ನೆ ಕ್ಲಬ್ಬಿನ್ಯಾಗ ಡಾಕ್ಟರು ಹೇಳಿದ್ರು. ಇಂಥಾ ಹೆಂಗಸರು ಏನೇನರೆ ಕಟ್ಟಿ ಹೇಳ್ತಾರಂತ.”

ಅಜ್ಜಿಗೆ ಆ ಶಬ್ದ ಉಚ್ಚರಿಸಲೂ ಬರಲಿಲ್ಲ. ಆದರೂ ಉಳ್ಳಾಗಡ್ಡಿ ಜಜ್ಜಿ ತಂದು, ಮೂರ್ಛೆ ಹೋದವರಿಗೆ ಹಿಡಿಯುವಂತೆ ಮಗಳ ಮೂಗಿಗೆ ಒತ್ತಿದಳು.

“ನಾ ಎಚ್ಚರ ಇದ್ದೇನವಾ!” ಎಂದು ಅತ್ಯಾ ಕೊಸರಿಕೊಂಡಳು.

“ನೋಡ್ರಿ, ಹೆಂಗ ಮಾಡ್ತಾಳ,” ಎಂದು ಕಾಕಾ ಅವಳ ಗಂಡನಿಗೆ ತೋರಿಸಿದರು.

ಅವ್ವ ಅಡಿಗೆಮನೆಯಿಂದ ಹೊರಗೆ ಬಂದಳು. “ಆಕಿ ಹೇಳೂದು ಖರೇ ಅದ. ಆಕಿ ಬೆನ್ನು ನಾ ನೋಡೇನಿ.”

ಕಾಕಾ ನಿಧಾನವಾಗಿ ತಿರುಗಿದರು. “ವೈನಿ, ನಿಮಗೂ ಸುರು ಆತೇನು?”

ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಅವಳು ನನ್ನನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

ಟಾಂಗಾದ ಸದ್ದು ಅಡಗಿದ ಮೇಲೂ ಅವ್ವ ನನ್ನ ಕೈ ಬಿಡಲಿಲ್ಲ. ಅವಳ ಉಗುರು ನನ್ನ ಅಂಗೈಯಲ್ಲಿ ನಟ್ಟಿತ್ತು. ಅತ್ತರೆ ನನಗೂ ಆ ರೋಗ ಬಂದಿದೆ ಎಂದಾರೆಂದು ಹೆದರಿ ನಾನು ಬಾಯಿ ಬಿಡಲಿಲ್ಲ.